‘ಆನಿಮಲ್ ಕಿಂಗ್‌ಡಮ್’ ಚಿತ್ರದಲ್ಲಿ ಭಯಾನಕವೂ ಅವಹಿತ್ಥವೂ

ಆಸ್ಟ್ರೇಲಿಯಾ ದೇಶದ ಡೇವಿಡ್ ಮಿಶೋ ಎಂಬವರು ತಾವೇ ಕಥೆಯನ್ನು ಬರೆದು ತಾವೇ ನಿರ್ದೇಶಿಸಿದ ‘ಆನಿಮಲ್ ಕಿಂಗ್‌ಡಮ್’ ಎಂಬ ಚಲಚ್ಚಿತ್ರವು 2010ನೆಯ ಇಸವಿಯಲ್ಲಿ ಹೊರಬಂದಿತು. ‘ಮೃಗಗಳ ರಾಜ್ಯ’ವೆಂಬುದು ಹೆಸರಿನ ಅರ್ಥ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಉತ್ಸವದಲ್ಲಿ ಅನ್ಯದೇಶೀಯ ಕಥಾಚಿತ್ರಗಳಿಗೆಂದು ಇಟ್ಟಿರುವ ತೀರ್ಪುಗಾರರ ಬಹುಮಾನವು ಇದಕ್ಕೆ ದೊರೆಯಿತು. ವರ್ಷಾಂತ್ಯದಲ್ಲಿ ಆಸ್ಟ್ರೇಲಿಯಾದ ಚಲಚ್ಚಿತ್ರ ಸಂಸ್ಥೆಯವರು ಹತ್ತು ಬಹುಮಾನಗಳನ್ನು ಇದೊಂದಕ್ಕೇ ಸಲ್ಲಿಸಿದರು. ಅಜ್ಜಿಯ ಪಾತ್ರವನ್ನು ವಹಿಸಿದ ಜಾಕಿ ವೀವರ್ ಎಂಬಾಕೆಯ ಹೆಸರು 2011ರ ಆಸ್ಕರ್ ಬಹುಮಾನಗಳಲ್ಲಿ ಪೋಷಕನಟಿಯರ ಪಟ್ಟಿಯನ್ನು ಸೇರಿತು. ಇಷ್ಟು ಮನ್ನಣೆ ಪಡೆದ ಕೃತಿಯ ವಿಷಯದಲ್ಲಿ ನೋಡಿದವರೆಲ್ಲರೂ ಏಕಾಭಿಪ್ರಾಯದವರಾಗಿರಬೇಕೆಂದು ಎಣಿಸುವುದು ಸಹಜ. ಆದರೆ ಹಾಗಿಲ್ಲ. ಇದು ತನ್ನ ಜಾತಿಯ ಚಿತ್ರಗಳಲ್ಲಿ ಅಗ್ರಗಣ್ಯವೆಂದು ಒಂದು ಪಕ್ಷದವರು ಕೊಂಡಾಡಿದರೆ, ಇದು ಜಡವಾದ ಕೃತಿ, ಇದರ ನಾಯಕನು ಮರದ ಬೊಂಬೆ ಎಂದು ಮತ್ತೊಂದು ಪಕ್ಷದವರು ಅಷ್ಟೇ ಖಂಡಿತವಾಗಿ ಹೇಳುವರು. ಇಬ್ಬರೂ ತೋರಿಸುವುದು ಅದೇ ದೃಶ್ಯಗಳನ್ನು, ಅದೇ ಮುಖವನ್ನು. ಈ ವಿವಾದವೇ ಪ್ರಕೃತ ಲೇಖನದ ವಿಷಯ.

ಕಳ್ಳರ ಕಥೆಗೆ ಈ ಪತ್ರಿಕೆಯಲ್ಲಿ ಎಡೆಯೇಕೆಂದು ಕೇಳುವವರಿರಬಹುದು. ಮೃಚ್ಛಕಟಿಕದಲ್ಲಿ ಶರ್ವಿಲಕನು ಗೋಡೆಗೆ ಕನ್ನವಿಕ್ಕುವ ಅಂಕವನ್ನು ಪಾಠ ಹೇಳುವಾಗ ನಮ್ಮಲ್ಲಿ ಯಾರೂ ಈ ಪ್ರಶ್ನೆಯನ್ನೆತ್ತಿದ್ದಿಲ್ಲ.

ಮೊದಲು ಕಥೆ. ಮೆಲ್ಬರ್ನ್ ನಗರದಲ್ಲಿ ಜೋಶುವಾ ಕೋಡಿ ಎಂಬ ಹದಿನೇಳು ವರ್ಷದ ಹುಡುಗ. ಎಲ್ಲರೂ ಅವನನ್ನು ‘ಜೇ’ ಎಂದು ಕರೆಯುವರು. ತಾಯಿಯು ಹೆರಾಯಿನ್ ಎಂಬ ಮಾದಕವಸ್ತುವಿನ ಅತಿಸೇವನೆಯಿಂದ ಸತ್ತಮೇಲೆ ಅವನು ದಿಕ್ಕುಗಾಣದೆ ಅಜ್ಜಿಗೆ ಟೆಲಿಫೋನು ಮಾಡುತ್ತಾನೆ. ಅಜ್ಜಿಯ ಹೆಸರು ಜನೀನ್, ಮನೆಯವರ ಬಾಯಲ್ಲಿ ‘ಸ್ಮರ್ಫ್’. ಅವಳ ಗಂಡುಮಕ್ಕಳು ‘ಪೋಪ್’ ಎಂಬ ಅಡ್ಡಹೆಸರಿನ ಆಂಡ್ರ್ಯೂ, ಕ್ರೇಗ್, ಡ್ಯಾರೆನ್. ಮನೆಯವನೇ ಆಗಿಹೋಗಿರುವ ಗೆಳೆಯ ಬ್ಯಾರಿ ಬ್ರೌನ್. ಆಯುಧ ಹಿಡಿದು ದರೋಡೆ ಮಾಡುವುದು ಇವರ ಕಸುಬು. ಪೋಲೀಸಿನವರು ಹೊಂಚುಹಾಕಿರುವುದರಿಂದ ಪೋಪನು ತಲೆಮರೆಸಿಕೊಂಡಿದ್ದಾನೆ. ಬ್ಯಾರಿಯು ಇನ್ನು ಷೇರುಪೇಟೆಯಲ್ಲಿ ಹಣ ಹೂಡಿ ನೆಮ್ಮದಿಯಾಗಿ ಬಾಳೋಣವೆನ್ನುತ್ತಾನೆ. ಆ ಬ್ಯಾರಿಯನ್ನೇ ಪೋಲೀಸಿನವರು, ಅವನು ನಿರಾಯುಧನಾಗಿದ್ದಾಗ, ಅಂಗಡಿಯ ಮುಂದೆ ಕಾರು ನಿಲ್ಲಿಸುವ ಬಯಲಿನಲ್ಲಿ ಗುಂಡಿಕ್ಕಿ ಕೊಲ್ಲುತ್ತಾರೆ. ಇದಕ್ಕೆ ಪ್ರತೀಕಾರವಾಗಿ ಅಣ್ಣತಮ್ಮಂದಿರು ಜೇಯಿಂದ ಒಂದು ಕಾರನ್ನು ಕದಿಸಿ ಬೀದಿಯಲ್ಲಿ ನಿಲ್ಲಿಸಿ, ಅದನ್ನು ಪರೀಕ್ಷಿಸಲು ಬಂದ ಇಬ್ಬರು ಎಳೆಯ ಕಾನ್‌ಸ್ಟೇಬಲರನ್ನು ಕೊಲ್ಲುತ್ತಾರೆ. ಪತ್ತೇದಾರ ಅಧಿಕಾರಿ ನೇಥನ್ ಲೆಕ್ಕಿಯು ಹುಡುಗನಿಂದ ಸಾಕ್ಷ್ಯ ಪಡೆಯಲು ಯತ್ನಿಸುತ್ತಾನೆ. ಓಡಿಹೋದ ಕ್ರೇಗನು ಹಳ್ಳಿಯ ಕಡೆಯ ಹೊಲದಲ್ಲಿ ಪೋಲೀಸಿನವರ ಗುಂಡಿಗೆ ಬೀಳುತ್ತಾನೆ. ಜೇಯ ಗೆಳತಿ ನಿಕಿಯು ಬಾಯಿಬಿಟ್ಟಾಳೆಂಬ ಶಂಕೆಯಿಂದ ಪೋಪನು ಅವಳಿಗೆ ಹೆರಾಯಿನ್ ಚುಚ್ಚಿ ಉಸಿರು ಕಟ್ಟಿಸಿ ಕೊಲ್ಲುತ್ತಾನೆ. ಜೇಯು ಪೋಲೀಸಿನ ರಕ್ಷಣೆಯನ್ನು ಸೇರಿದಾಗ ಅಜ್ಜಿಯೇ ಒಬ್ಬ ಭ್ರಷ್ಟ ಪೋಲೀಸನ ಮೂಲಕ ಮೊಮ್ಮಗನನ್ನು ಮುಗಿಸಲು ಏರ್ಪಾಡು ಮಾಡುತ್ತಾಳೆ. ಅವನು ತಪ್ಪಿಸಿಕೊಂಡು ಮನೆಯವರ ಪಕ್ಷಕ್ಕೇ ಹಿಂದಿರುಗಿ ಬರುತ್ತಾನೆ. ಪೋಪನೂ ಡ್ಯಾರೆನನೂ ನಿರ್ದೋಷಿಗಳೆಂದು ಬಿಡುಗಡೆಯಾಗುತ್ತಾರೆ. ಕಡೆಯ ಘಟನೆಯನ್ನು ಅದರ ಸ್ಥಾನದಲ್ಲಿ ವಿಚಾರಿಸುವೆನು.

ಇನ್ನು ಆಕ್ಷೇಪಗಳು. ದರೋಡೆಕಾರರ ಚಿತ್ರದಲ್ಲಿ ದರೋಡೆಯೇ ಇಲ್ಲವೆಂಬುದೊಂದು. ಇದು ನಿಜ. ಆರಂಭದಲ್ಲಿ ಹೆಸರುಗಳು ಬರುವಾಗ ಸಿಂಹಗಳ ಉಬ್ಬುಚಿತ್ರದ ನಂತರ ಬ್ಯಾಂಕಿನ ಕಾವಲು ಕ್ಯಾಮರಾದಲ್ಲಿ ಸಿಕ್ಕಂತಿರುವ, ಮುಸುಕುಧಾರಿಗಳ ನಿಶ್ಚಲಚಿತ್ರಗಳು ಕಾಣುವುವು. ದರೋಡೆಯ ಪ್ರಸ್ತಾಪ ಅಲ್ಲಿಗೆ ತೀರಿತು. ದರೋಡೆಗಳನ್ನು ನೋಡಲೇಬೇಕೆನ್ನುವವರಿಗೆ ಇದೇ ಹೆಸರಿನಲ್ಲಿ, ಕಥೆಯನ್ನು ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿ, 2016ರಿಂದ 2022ರ ವರೆಗೆ ಅಮೆರಿಕದಲ್ಲಿ ನಡೆದ ಟೆಲಿವಿಷನ್ ಧಾರಾವಾಹಿಯುಂಟು. ಎರಡನೆಯ ಆಕ್ಷೇಪ, ಕಥೆಯಲ್ಲಿ ಪ್ರೀತಿಸತಕ್ಕವರು ಯಾರೂ ಇಲ್ಲವೆಂಬುದು. ಇದಕ್ಕೆ ಉತ್ತರ ಹೇಳುವುದೇ ಅನಾವಶ್ಯಕ. ಮೂರನೆಯದೇ ಪ್ರಬಲವಾದುದು: ಜೇಯ ಪಾತ್ರಧಾರಿ ಜೇಮ್ಸ್ ಫ್ರೆಶ್‌ವಿಲ್ ಎಂಬ, ಇದಕ್ಕೆ ಮೊದಲು ಯಾವ ಚಲಚ್ಚಿತ್ರದಲ್ಲಿಯೂ ನಟಿಸದ ತರುಣನು ಮೊದಲಿಂದ ಕಡೆಯವರೆಗೆ ಒಂದೇ ಮುಖವನ್ನು ಹೊತ್ತು ನಿಂತಿದ್ದಾನೆ, ತಾಯಿ ಸತ್ತರೂ ಅದೇ ಮುಖ, ಪ್ರಿಯೆ ಸತ್ತರೂ ಅದೇ ಮುಖ, ಅನುಭಾವವಿಲ್ಲದೆ ರಸವೆಲ್ಲಿಯದು? ಮೆಚ್ಚುವವರು ಇದಕ್ಕೆ ಕೊಡುವ ಉತ್ತರವೂ ದುರ್ಬಲವಾಗಿದೆ. ಲೋಕದಲ್ಲಿ ಆ ವಯಸ್ಸಿನ ಹುಡುಗರು ಹಾಗೆಯೇ ಇರುವರು, ಆದುದರಿಂದ ಇದು ಸ್ವಾಭಾವಿಕವೆಂದು ಅವರು ಹೇಳುವರು. ಲೋಕದಲ್ಲಿರುವುದೆಲ್ಲವೂ ರಂಗದಲ್ಲಿ ಇರತಕ್ಕುದಾದರೆ ಪ್ರೇಕ್ಷಕರು ಮನೆಬಿಟ್ಟು ಬರಬೇಕಾದ ಅಗತ್ಯವೇ ಇಲ್ಲ.

ಈ ಕೃತಿಯಲ್ಲಿ ಪ್ರಧಾನ ರಸ ಯಾವುದೆಂಬುದನ್ನು ಎರಡು ಪಕ್ಷದವರೂ ನಿಶ್ಚಯಿಸದೆ ವಾದಕ್ಕಿಳಿದಿರುವರೆಂದು ನನಗೆ ತೋರುವುದು. ಆಯುಧಗಳಿವೆ, ಪ್ರತೀಕಾರವಿದೆ, ಆದುದರಿಂದ ರೌದ್ರವೇ ಪ್ರಧಾನವೆಂದು ಭಾವಿಸಿ, ಅದು ಪುಷ್ಟವಾಗಲಿಲ್ಲವೆಂದು ಒಬ್ಬರು ದೂರುವರು, ಸೂಕ್ಷ್ಮವಾಗಿ ಪುಷ್ಟವಾಗಿದೆಯೆಂದು ಮತ್ತೊಬ್ಬರು ಹೊಗಳುವರು. ಇಲ್ಲಿ ಸ್ಥಾಯಿಯು ಕ್ರೋಧವಲ್ಲ, ಭಯ. ಇದನ್ನು ನಾವು ಊಹಿಸಬೇಕಾದುದೂ ಇಲ್ಲ. ಆರಂಭದಲ್ಲಿಯೇ ಜೇಯ ದನಿಯು ತೆರೆಯ ಹಿಂದಿನಿಂದ ಹೇಳುವ ಮಾತಿನ ತಾತ್ಪರ್ಯವಿದು: ತಾಯಿಯು ಭಯದಿಂದಲೇ ತನ್ನನ್ನು ತವರಿನಿಂದ ದೂರವಿಟ್ಟಿದ್ದಳು, ಆ ಮನೆಯವರೂ ಭಯಗ್ರಸ್ತರೇ ಆಗಿದ್ದರು, ಹೊರಗೆ ಕಾಣಿಸಿಕೊಳ್ಳದಿದ್ದರೂ. ಭರತಮುನಿಯು ಭಯಾನಕವನ್ನು ಮೂರು ವಿಧವಾಗಿ ವಿಂಗಡಿಸಿರುವನಷ್ಟೆ: ವ್ಯಾಜದಿಂದ ಬಂದುದು, ಅಪರಾಧದಿಂದ ಬಂದುದು, ಹೆದರಿಸಲ್ಪಟ್ಟುದರಿಂದ ಬಂದುದು. ಅಣ್ಣತಮ್ಮಂದಿರದು ಎರಡನೆಯ ಜಾತಿಯ ಭಯ, ಹುಡುಗನದು ಮೂರನೆಯದು. ಭಯವು ಸ್ತ್ರೀಯರಿಗೂ ನೀಚಪ್ರಕೃತಿಗಳಿಗೂ ಸಹಜವೆಂದು ಶಾಸ್ತ್ರಕಾರರು ಹೇಳಿರುವುದನ್ನು ಈ ದರೋಡೆಕಾರರು ಓದಿದವರಲ್ಲ, ಆದರೂ ಆ ಅಭಿಪ್ರಾಯವು ಅವರದೂ ಆಗಿದೆ. ಗಂಡಸಾದವನು ಹೆದರಿದಂತೆ ಕಾಣಬಾರದೆಂಬುದು ಅವರ ಕುಲಧರ್ಮ. ಕ್ರೇಗನು ಕಾರಿನಲ್ಲಿ ಕುಳಿತು ಹುಡುಗನ ಕೈಗೆ ಪಿಸ್ತೂಲನ್ನಿತ್ತು, ದಾರಿಯಲ್ಲಿ ಕೆಣಕಿದ ಅಪರಿಚಿತರಿಗೆ ರಾಜನಾರೆಂಬುದನ್ನು ತೋರಿಸೆಂದು ಕಳುಹಿಸುವ ದೃಶ್ಯವು ಈ ಧರ್ಮದ ಉಪದೇಶವೇ.

ಇಲ್ಲೊಂದು ಶಂಕೆ. ಸ್ಥಾಯಿಯನ್ನು ಅದರ ಸ್ವಂತ ಹೆಸರಿನಿಂದ ಹೇಳಿಬಿಡುವುದನ್ನು ಮಮ್ಮಟನು ರಸದೋಷಗಳಲ್ಲಿ ಎಣಿಸಿರುವನು. ‘ಅವರು ಭಯಪಟ್ಟಿದ್ದರು’ ಎಂದು ಬಾಯಿಬಿಟ್ಟು ಹೇಳಿಸಿರುವುದು ಅದೇ ದೋಷವಲ್ಲವೆ? ರಸವನ್ನು ಮೂಡಿಸಲಾರದೆ ಹೆಸರಿನಿಂದಲೇ ತೃಪ್ತಿಪಟ್ಟುಕೊಂಡಿದ್ದರೆ ದೋಷವಾಗುತ್ತಿತ್ತು. ಇಲ್ಲಿ ಅನುಭಾವಗಳು ಮುಚ್ಚಿಹೋಗತಕ್ಕವು. ಮುಚ್ಚಿದ ಪೆಟ್ಟಿಗೆಗೆ ಒಂದು ಬೀಗದ ಕೈಯಾದರೂ ಬೇಕು. ಮುಂದೆ ಬರುವ ಅಟ್ಟಹಾಸಗಳನ್ನೆಲ್ಲ ಪ್ರೇಕ್ಷಕನು ಶೌರ್ಯವೆಂದು ತಿಳಿಯದಿರಲು ಆ ಒಂದು ಮಾತು ಸಾಕಾಗಿದೆ.

ಹೀಗೆ ಭಯವೇ ಸ್ಥಾಯಿಯಾದರೆ ಹುಡುಗನ ನಿರ್ವಿಕಾರವಾದ ಮುಖಕ್ಕೆ ಅರ್ಥವೇನು? ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಹೊರಗೆ ಒಂದೇ ಬಗೆಯಾಗಿ ಕಾಣತಕ್ಕ ಎರಡು ಭಾವಗಳಿವೆ. ಒಂದು ಜಡತೆ. ಇಷ್ಟವನ್ನಾಗಲಿ ಅನಿಷ್ಟವನ್ನಾಗಲಿ ಕಂಡು ಕೇಳಿ ಏನು ಮಾಡಬೇಕೆಂಬುದೇ ತೋರದಿರುವ ಸ್ಥಿತಿ. ಮೌನವೂ ಎವೆಯಿಕ್ಕದ ನೋಟವೂ ಅದರ ಲಕ್ಷಣ. ಇನ್ನೊಂದು ಅವಹಿತ್ಥ. ಇದು ಒಳಗಿನ ಭಾವವು ಆಕಾರದಲ್ಲಿ ತೋರದಂತೆ ಮರೆಸುವುದು. ಲಜ್ಜೆ, ಭಯ, ಸೋಲು, ಕಪಟ ಮುಂತಾದುವು ಅದಕ್ಕೆ ಕಾರಣಗಳು. ಜಡನಿಗೆ ಮರೆಸತಕ್ಕುದೇನೂ ಸಿದ್ಧವಾಗಿಲ್ಲ, ಅವನ ಚಿತ್ತವೇ ನಿಂತುಹೋಗಿದೆ. ಅವಹಿತ್ಥದಲ್ಲಿ ಚಿತ್ತವು ಅತ್ಯಂತ ಜಾಗರೂಕವಾಗಿದೆ. ಮುಖಮಾತ್ರ ಎರಡರಲ್ಲಿಯೂ ಒಂದೇ. ಈ ಚಿತ್ರದ ಕಥೆಯೆಂದರೆ ಒಬ್ಬ ಹುಡುಗನು ಜಡತೆಯಿಂದ ಅವಹಿತ್ಥಕ್ಕೆ ಸಾಗುವ ಕಥೆ. ಮುಖವು ಬದಲಾಗಲಿಲ್ಲವೆಂಬುದು ಆಕ್ಷೇಪವಾಗಲಾರದು. ಮುಖ ಬದಲಾಗದೆಯೇ ಭಾವವು ಬದಲಾಯಿತೋ ಇಲ್ಲವೋ ಎಂಬುದೇ ಕೇಳತಕ್ಕ ಪ್ರಶ್ನೆ.

ಮೊದಲನೆಯ ದೃಶ್ಯವನ್ನು ನೋಡಿರಿ. ತಾಯಿಯು ಸೋಫಾದ ಮೇಲೆ ಒರಗಿದ್ದಾಳೆ. ಪಕ್ಕದಲ್ಲಿ ಹುಡುಗನು ಕುಳಿತು ಟೆಲಿವಿಷನ್ನಿನಲ್ಲಿ ‘ಡೀಲ್ ಆರ್ ನೋ ಡೀಲ್’ ಎಂಬ ಹಣದ ಪಂದ್ಯವನ್ನು ನೋಡುತ್ತಿದ್ದಾನೆ. ಅವಳು ನಿದ್ರಿಸುತ್ತಿರುವಳೆಂದೇ ನಾವು ಭಾವಿಸುವೆವು. ಆಂಬುಲೆನ್ಸಿನವರು ಒಳಗೆ ಬಂದಾಗಲೇ ವಿಷಯವು ತಿಳಿಯುವುದು. ಅವರು ಆಕೆಯ ದೇಹವನ್ನು ನೆಲಕ್ಕಿಳಿಸಿ ಉಪಚರಿಸುತ್ತಿರುವಾಗ, ಕೇಳಿದ ಪ್ರಶ್ನೆಗೆ ಉತ್ತರವಿತ್ತು, ಹುಡುಗನು ಪುನಃ ಟೆಲಿವಿಷನ್ನಿನ ಕಡೆಗೆ ಕಣ್ಣು ಹೊರಳಿಸುತ್ತಾನೆ. ನಿಷ್ಕರುಣನಾದವನ ನೋಟವೆಂದು ಕೆಲವರು ಇದನ್ನು ತಿಳಿದಿರುವರು. ಜಡತೆಯ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಅಭಿನಯಿಸಿ ತೋರಿಸುವುದು ಕಷ್ಟ. ಕಣ್ಣಿಗೆ ಎಲ್ಲಿಯಾದರೂ ನೆಲೆ ಬೇಕು. ಅದು ಮೊದಲು ಇದ್ದ ಜಾಗಕ್ಕೇ ಹೋಗುವುದು.

ಇನ್ನು ಅವಹಿತ್ಥ. ಈ ಕೃತಿಯ ಒಂದು ವಿಶೇಷವನ್ನು ವಿವಾದಿಗಳು ಗಮನಿಸಿದಂತೆ ಕಾಣೆನು: ಇಲ್ಲಿ ಎಲ್ಲರೂ ಜೇಯನ್ನು ಮಾತನಾಡೆಂದು ಕೇಳುವರು. ಪೋಲೀಸಿನವರು ಸಾಕ್ಷ್ಯಕ್ಕಾಗಿ ಕೇಳುವರು. ಅಜ್ಜಿಯು ಮುದ್ದಿಗಾಗಿ ಕೇಳುವಳು. ಪೋಪನಂತೂ ಮನಸ್ಸಿನಲ್ಲಿರುವುದನ್ನು ನನ್ನಲ್ಲಿ ಹೇಳು, ನನ್ನೊಡನೆ ಹೇಳಿದರೆ ತಪ್ಪಿಲ್ಲವೆಂದು ಮೃದುವಾದ ದನಿಯಲ್ಲಿ ಒಬ್ಬೊಬ್ಬರನ್ನೂ ಪೀಡಿಸುವನು. ತನ್ನ ತಮ್ಮನಾದ ಡ್ಯಾರೆನನನ್ನೇ, ನೀನು ಇಂಥವನೇನು, ಇದ್ದರೆ ಹೇಳಿಬಿಡು ಎಂದು ಕೆದಕುವ ಸಂದರ್ಭವು ನೋಡಿದವರಿಗೆ ಮರೆಯಲಾರದು. ಭಯಾನಕಕ್ಕೆ ವಿಕೃತವಾದ ಕೂಗೂ ಶೂನ್ಯಗೃಹವೂ ವಿಭಾವಗಳೆಂದು ಓದಿದ ನಮಗೆ, ಬೆನ್ ಮೆಂಡೆಲ್ಸನ್ ಎಂಬ ನಟನು ಪೋಪನ ಪಾತ್ರದಲ್ಲಿ ಸಮಾಧಾನದ ನುಡಿಯನ್ನೇ ಭಯದ ಆಲಂಬನವನ್ನಾಗಿ ಮಾಡಿರುವುದು ಅಪೂರ್ವವಾಗಿ ಕಾಣುವುದು. ಟೆಲಿವಿಷನ್ನಿನಲ್ಲಿ ಏರ್ ಸಪ್ಲೈ ಎಂಬ ಮೇಳದವರ ಪ್ರಣಯಗೀತೆಯೊಂದು ನಡೆಯುತ್ತಿರುವಾಗ ಅವನು ಮಲಗಿರುವ ನಿಕಿಯನ್ನು ಸುಮ್ಮನೆ ನೋಡುತ್ತಾನೆ. ಹಾಡು ಶೃಂಗಾರದ್ದು, ನೋಡುವವರಿಗೆ ಮೈ ಜುಮ್ಮೆನ್ನುವುದು. ವಿರುದ್ಧ ರಸದ ಸಾಮಗ್ರಿಯು ಪ್ರಧಾನ ರಸಕ್ಕೆ ಅಂಗವಾಗಬಹುದೆಂಬುದಕ್ಕೆ ಪಾಠ ಹೇಳುವವರು ಈ ಉದಾಹರಣೆಯನ್ನು ಧಾರಾಳವಾಗಿ ಬಳಸಬಹುದು.

ಒಳಗನ್ನು ತೆರೆದು ತೋರಿಸೆಂದು ಮೃಗವೇ ಕೇಳುತ್ತಿರುವಾಗ ತೆರೆದು ತೋರಿದವರ ಗತಿಯೇನಾಯಿತು? ಸಲಿವನ್ ಸ್ಟೇಪಲ್ಟನ್ ಅಭಿನಯಿಸಿದ ಕ್ರೇಗನಲ್ಲಿ ಭಯದ ಅನುಭಾವಗಳೆಲ್ಲವೂ, ಕಂಪ, ಸ್ವರಭೇದ, ಚಂಚಲದೃಷ್ಟಿ, ಸ್ಪಷ್ಟವಾಗಿ ಕಾಣುವುವು. ಓಡುವವನು ಅವನು, ಬೀಳುವವನೂ ಅವನೇ. ಮಾತು ಬಲ್ಲ ನಿಕಿಯು ಮಾತಾಡಿಯಾಳೆಂಬ ಕಾರಣದಿಂದಲೇ ಸತ್ತಳು. (ಡ್ಯಾರೆನನು ಇದಕ್ಕೆ ಅಪವಾದ, ಅವನ ಭಯವನ್ನು ಎಲ್ಲರೂ ಬಲ್ಲರು, ಆದರೆ ಅವನಿಂದ ಯಾರಿಗೂ ಏನೂ ಆಗಲಾರದೆಂಬುದನ್ನೂ ಬಲ್ಲರು.) ಹೀಗೆ ಭಾವವನ್ನು ತೋರಿಸುವುದೇ ಮೃತ್ಯುವಾಗಿರುವ ಲೋಕದಲ್ಲಿ ನಿರ್ವಿಕಾರವಾದ ಮುಖವು ಅನುಭಾವಗಳ ಅಭಾವವಲ್ಲ, ಅದೇ ಅನುಭಾವ. ನಿಕಿಯ ಮರಣದ ನಂತರ ಹುಡುಗನು ಒಬ್ಬನೇ ಇದ್ದಾಗ ಒಮ್ಮೆ ಬಿಕ್ಕಿಬಿಕ್ಕಿ ಅಳುತ್ತಾನೆ. ಪ್ರೇಕ್ಷಕನಿಗೆ ಮಾತ್ರ ತೋರಿದ ಆ ಕಣ್ಣೀರೇ ಮುಂದಿನ ಮೌನವನ್ನು ಹಿಂದಿನ ಮೌನದಿಂದ ಬೇರ್ಪಡಿಸುವುದು. ಅಲ್ಲಿಗೆ ಜಡತೆ ಮುಗಿಯಿತು. ಇನ್ನು ಮುಂದೆ ಅವನು ಸುಮ್ಮನಿದ್ದರೆ ಸುಮ್ಮನಿರಬೇಕೆಂದು ನಿಶ್ಚಯಿಸಿ ಸುಮ್ಮನಿರುವನು.

ಆದರೆ ಆಕ್ಷೇಪವಾದಿಗಳಿಗೆ ಒಂದು ಅಂಶವನ್ನು ಬಿಟ್ಟುಕೊಡಲೇಬೇಕು. ಅವಹಿತ್ಥಕ್ಕೂ ಅದರದೇ ಆದ ಅನುಭಾವಗಳುಂಟು: ಬೇರೆ ಮಾತನ್ನೆತ್ತುವುದು, ಮುಖ ತಗ್ಗಿಸುವುದು, ಮಾತು ನಡುವೆ ಕಡಿಯುವುದು, ಇಲ್ಲದ ಧೈರ್ಯವನ್ನು ಕಲ್ಪಿಸಿಕೊಳ್ಳುವುದು. ಮರೆಸುವ ಕಾರ್ಯವೇ ಸ್ವಲ್ಪಮಟ್ಟಿಗೆ ಕಾಣದಿದ್ದರೆ ಮರೆಸಿದುದುಂಟೆಂದು ತಿಳಿಯುವುದು ಹೇಗೆ? ಲೆಕ್ಕಿಯು ಹುಡುಗನನ್ನು ವಿಚಾರಿಸುವ ಸಂದರ್ಭಗಳಲ್ಲಿ ಫ್ರೆಶ್‌ವಿಲ್ಲನ ಮುಖವು ಜಡವೋ ಗೂಢವೋ ಎಂಬುದು ಸಂದಿಗ್ಧವಾಗಿಯೇ ಉಳಿಯುವುದು. ಅಲ್ಲಿ ಗಯ್ ಪಿಯರ್ಸ್ ಎಂಬ ಅನುಭವಿಯಾದ ನಟನು ಎದುರಿಗೆ ಕುಳಿತು ಇಬ್ಬರ ಕೆಲಸವನ್ನೂ ತಾನೊಬ್ಬನೇ ಮಾಡಿರುವನೆಂದರೆ ತಪ್ಪಾಗದು. ಭಾವಭೇದವನ್ನು ನಟನಿಗಿಂತ ಹೆಚ್ಚಾಗಿ ಸಂದರ್ಭವೇ ಸಾಧಿಸಿಕೊಟ್ಟಿದೆ. ಇದು ನಿರ್ದೇಶಕನ ಜಾಣ್ಮೆ. ನಟನ ಸಿದ್ಧಿಯೆಂದು ಹೊಗಳುವುದು ಅತಿಯಾದೀತು.

ಜನೀನಳ ಪಾತ್ರವನ್ನು ಕುರಿತು ಮತಭೇದವು ಕಡಿಮೆ. ಪೂರ್ವಾರ್ಧದಲ್ಲಿ ಅವಳಿಗೆ ಕೆಲಸವಿಲ್ಲವೆಂದು ಕೆಲವರು ದೂರುವರಷ್ಟೆ. ಆದರೆ ಅಲ್ಲಿ ಅವಳ ಕೆಲಸವು ಮುದ್ದಿಸುವುದು. ಬೆಳೆದು ನಿಂತ ಮಕ್ಕಳ ತುಟಿಗೆ ಅವಳಿಡುವ ಮುತ್ತು ಆವಶ್ಯಕವಾದುದಕ್ಕಿಂತ ಒಂದು ಕ್ಷಣ ಹೆಚ್ಚು ನಿಲ್ಲುವುದು. ಆ ಒಂದು ಕ್ಷಣದಲ್ಲಿಯೇ ಎಲ್ಲವೂ ಇದೆ. ವಾತ್ಸಲ್ಯವನ್ನು ಹತ್ತನೆಯ ರಸವಾಗಿ ಅಂಗೀಕರಿಸಿದ ವಿಶ್ವನಾಥನು ಇದನ್ನು ನೋಡಿದ್ದರೆ ವತ್ಸಲಾಭಾಸಕ್ಕೆ ಬೇರೊಂದು ಉದಾಹರಣೆಯನ್ನು ಹುಡುಕುತ್ತಿರಲಿಲ್ಲ. ರಸಭಂಗಕ್ಕೆ ಅನೌಚಿತ್ಯವೊಂದೇ ಕಾರಣವೆಂದು ಆನಂದವರ್ಧನನು ಸಾರಿದನು. ಇಲ್ಲಿ ಕವಿಯು ಆ ಅನೌಚಿತ್ಯವನ್ನು ಬುದ್ಧಿಪೂರ್ವಕವಾಗಿಯೇ ತಂದಿರುವನು. ಉತ್ತರಾರ್ಧದಲ್ಲಿ ಮೊಮ್ಮಗನ ವಧೆಯನ್ನು ಏರ್ಪಡಿಸುವಾಗ ಅವಳ ಮುಖದಲ್ಲಿ ಅದೇ ನಗು, ಬಾಯಲ್ಲಿ ಅದೇ ಮುದ್ದಿನ ಸಂಬೋಧನೆ. ಕ್ರೂರಳಾದ ಹೆಂಗಸೊಬ್ಬಳು ಪ್ರೀತಿಯ ಮುಖವಾಡವನ್ನು ಕಳಚಿದಳೆಂದು ಹೇಳುವವರು ಪಾತ್ರವನ್ನು ಅರ್ಧವೇ ಕಂಡವರು. ಜಾಕಿ ವೀವರಳ ಅಭಿನಯದಲ್ಲಿ ಕಳಚುವುದೇನೂ ಇಲ್ಲ. ಅವಳು ಮಕ್ಕಳನ್ನು ನಿಜವಾಗಿಯೂ ಪ್ರೀತಿಸುವಳು, ಮೊಮ್ಮಗನಿಗಿಂತ ಮಕ್ಕಳು ಹತ್ತಿರದವರು, ಇಷ್ಟೇ ಲೆಕ್ಕ.

ಚಿತ್ರದ ನಿಜವಾದ ದೋಷವನ್ನು, ಮೆಚ್ಚುವವರು ಯಾವ ದೃಶ್ಯವನ್ನು ಅದರ ಹೃದಯವೆಂದು ಎತ್ತಿ ಹೇಳುವರೋ ಅಲ್ಲಿಯೇ ಕಾಣುತ್ತೇನೆ. ಲೆಕ್ಕಿಯು ಹುಡುಗನಿಗೆ ಕಾಡಿನ ದೃಷ್ಟಾಂತವನ್ನು ಹೇಳುವನು: ಅಲ್ಲಿ ಪ್ರತಿಯೊಂದಕ್ಕೂ ತನ್ನ ಸ್ಥಾನವುಂಟು, ಕೆಲವು ಬಲವಾದುವು, ಕೆಲವು ದುರ್ಬಲವಾದುವು, ನೀನು ದುರ್ಬಲನು, ಬಲಿಷ್ಠರ ಆಶ್ರಯದಿಂದ ಈವರೆಗೆ ಉಳಿದೆ, ಈಗ ಅವರು ಬಲಿಷ್ಠರಾಗಿ ಉಳಿದಿಲ್ಲ. ಚಿತ್ರದ ಹೆಸರು, ಮೊದಲಲ್ಲಿ ಕಂಡ ಸಿಂಹಗಳು, ರಾಜನಾರೆಂಬ ಕ್ರೇಗನ ಮಾತು, ಇವುಗಳಿಂದ ಧ್ವನಿತವಾಗುತ್ತಿದ್ದ ಅರ್ಥವನ್ನು ಇಲ್ಲಿ ಅಭಿಧೆಯಿಂದಲೇ ಹೇಳಿದಂತಾಯಿತು. ಹೀಗೆ ಬಯಲಾದ ವ್ಯಂಗ್ಯವನ್ನು ಆಲಂಕಾರಿಕರು ‘ಅಗೂಢ’ವೆಂದು ಕರೆದು ಮಧ್ಯಮಕಾವ್ಯದ ವರ್ಗಕ್ಕೆ ಇಳಿಸಿರುವರು. ಆರಂಭದ ಮಾತಿನಂತೆ ಇದು ಬೀಗದ ಕೈಯೂ ಅಲ್ಲ. ಈ ಹೊತ್ತಿಗೆ ಪೆಟ್ಟಿಗೆಯು ತೆರೆದೇ ಇತ್ತು.

ಅಷ್ಟೇ ಅಲ್ಲ, ದೃಷ್ಟಾಂತವು ಕಥೆಗೆ ಸರಿಯಾಗಿ ಹೊಂದುವುದೂ ಇಲ್ಲ. ಬಲಿಷ್ಠನು ದುರ್ಬಲನನ್ನು ನುಂಗುವ ಮತ್ಸ್ಯನ್ಯಾಯವನ್ನು ಕೌಟಿಲ್ಯನು ದಂಡಧರನಿಲ್ಲದ ಸ್ಥಿತಿಯೆಂದು ವರ್ಣಿಸಿದನು. ಈ ಕಥೆಯಲ್ಲಿ ದಂಡಧರರಿದ್ದಾರೆ, ನಿರಾಯುಧನನ್ನು ಹೊಡೆದವರು ಅವರೇ. ಅವರಲ್ಲೊಬ್ಬನು ಸಾಕ್ಷಿಯ ಅಡಗುದಾಣವನ್ನೂ ಮಾರುವನು. ಕಾಡಿನಲ್ಲಿ ಸ್ಥಾನಗಳು ಖಚಿತವೆಂದು ಲೆಕ್ಕಿಯು ಹೇಳುತ್ತಿರುವಾಗ ಮೀನಾವುದು ಬಲೆಯಾವುದು ಎಂಬುದೇ ಖಚಿತವಿಲ್ಲದಿರುವುದು ಕಥೆ ತೋರಿಸುವ ಸತ್ಯ. ಪಾತ್ರದ ಮಾತು ಪಾತ್ರದ್ದು, ಕವಿಯದಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಹೆಸರಿಟ್ಟವನು ಕವಿಯೇ.

ಚಿತ್ರವು ನಡೆದ ಸಂಗತಿಯನ್ನು ತಿರುಚಿದೆಯೆಂಬ ಆಕ್ಷೇಪಕ್ಕೆ ಎರಡು ಮಾತು ಸಾಕು. 1988ರ ಅಕ್ಟೋಬರ್ 11ರಂದು ಮೆಲ್ಬರ್ನ್ ನಗರದ ಹೊರವಲಯದಲ್ಲಿ ದರೋಡೆಯ ಶಂಕಿತನೊಬ್ಬನು ಪೋಲೀಸಿನವರ ಗುಂಡಿಗೆ ಸತ್ತನು. ಮರುದಿನ ಬೆಳಗಿನ ಜಾವ ಸೌತ್ ಯಾರಾ ಎಂಬ ಭಾಗದ ವಾಲ್ಶ್ ಬೀದಿಯಲ್ಲಿ ಬಿಟ್ಟುಹೋದ ಕಾರೊಂದನ್ನು ನೋಡಲು ಬಂದ ಸ್ಟೀವನ್ ಟೈನನ್, ಡೇಮಿಯನ್ ಐರ್ ಎಂಬ ಇಬ್ಬರು ತರುಣ ಕಾನ್‌ಸ್ಟೇಬಲರ ಕೊಲೆಯಾಯಿತು. ಟೈನನನಿಗೆ 22 ವರ್ಷ, ಐರನಿಗೆ 20. ಆಪಾದಿತರಾದ ನಾಲ್ವರೂ 1991ರಲ್ಲಿ ಬಿಡುಗಡೆ ಹೊಂದಿದರು. ಮಿಶೋ ಅವರ ಕಥೆಗೆ ಇದು ಪ್ರೇರಣೆಯೆಂಬುದು ಪ್ರಸಿದ್ಧ. ಇದೇ ಅದೆಂದು ಚಿತ್ರವು ಎಲ್ಲಿಯೂ ಹೇಳುವುದಿಲ್ಲ. ಇತಿವೃತ್ತದಲ್ಲಿ ರಸಕ್ಕೆ ಒಗ್ಗದುದನ್ನು ಬಿಟ್ಟು ಒಗ್ಗುವುದನ್ನು ಕಲ್ಪಿಸಿಕೊಳ್ಳಲು ಕವಿಗೆ ಅಧಿಕಾರವುಂಟೆಂದು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತವು ಹೇಳುವುದು. ಸತ್ತವರ ಬಂಧುಗಳಿಗೆ ಈ ಸೂತ್ರವು ಸಮಾಧಾನವನ್ನೀಯದಿರಬಹುದು. ಕೊಲೆಯಾದ ಇಬ್ಬರಿಗೆ ಚಿತ್ರದಲ್ಲಿ ಮುಖವೇ ಇಲ್ಲದಂತಾಗಿರುವುದು ನನಗೂ ಕೊರತೆಯಾಗಿಯೇ ಕಂಡಿತು.

ಕಡೆಯದಾಗಿ ಅಂತ್ಯ. ಬಿಡುಗಡೆಯ ಅನಂತರ ಜೇಯು ಅಜ್ಜಿಯ ಮನೆಗೆ ಬರುತ್ತಾನೆ, ಅವಳು ಬರಮಾಡಿಕೊಳ್ಳುತ್ತಾಳೆ. ಅವನು ತನ್ನ ಕೋಣೆಗೆ ಹೋಗುತ್ತಾನೆ. ಪೋಪನು ಅಲ್ಲಿಗೆ ಬಂದು ಎಂದಿನಂತೆ ಮೆಲ್ಲಗೆ ಮಾತಿಗೆ ತೊಡಗುತ್ತಾನೆ; ಜೇಯು ಅವನ ತಲೆಗೆ ಗುಂಡು ಹಾರಿಸುತ್ತಾನೆ. ಇದು ಆಕಸ್ಮಿಕವಾಯಿತು, ಪೂರ್ವಸಿದ್ಧತೆಯಿಲ್ಲವೆಂದು ಒಬ್ಬರ ದೂರು. ದುಷ್ಟನಿಗೆ ತಕ್ಕುದಾಯಿತೆಂದು ಮತ್ತೊಬ್ಬರ ಸಂತೋಷ. ಆಕಸ್ಮಿಕವೆಂದು ತೋರುವುದೇ ಅವಹಿತ್ಥವು ಸಿದ್ಧಿಸಿತೆಂಬುದಕ್ಕೆ ಪ್ರಮಾಣ. ಪೋಪನಿಂದ ಮುಚ್ಚಿಟ್ಟುದು ನಮ್ಮಿಂದಲೂ ಮುಚ್ಚಿತ್ತು. ಸಂತೋಷಪಡುವವರು ಮಾತ್ರ ಎರಡು ಕ್ಷಣ ಮೊದಲೇ ಎದ್ದುಹೋದವರೆಂದು ತೋರುವುದು. ಗುಂಡಿನ ಶಬ್ದದ ನಂತರ ಹುಡುಗನು ಹೊರಗೆ ಬಂದು ಅಜ್ಜಿಯನ್ನು ತಬ್ಬಿಕೊಳ್ಳುತ್ತಾನೆ. ಮಾತಿಲ್ಲ, ಕಂಬನಿಯಿಲ್ಲ, ಮುಖವು ಅದೇ. ಮೊದಲ ಬಾರಿಗೆ ನಮ್ಮ ದೃಷ್ಟಿಯು ಹುಡುಗನ ಮುಖವನ್ನು ಬಿಟ್ಟು ಅವನ ತೋಳುಗಳಲ್ಲಿರುವವಳ ಮುಖವನ್ನು ಹುಡುಕುವುದು. ಯಾವಾಗಲೂ ತಾನಾಗಿ ಮುತ್ತಿಡುತ್ತಿದ್ದವಳು ಈಗ ತಬ್ಬಿಸಿಕೊಂಡು ನಿಂತಿದ್ದಾಳೆ. ಅವಳ ಕಣ್ಣುಗಳು ಎತ್ತಲೋ ನಟ್ಟಿವೆ. ಎಲ್ಲರ ಭಯಕ್ಕೂ ಆಶ್ರಯವಾಗಿದ್ದ ಹುಡುಗನು ಆಲಂಬನವಾದನು. ಆಶ್ರಯದ ಸ್ಥಾನಕ್ಕೆ ಅಜ್ಜಿಯು ಬಂದಳು. ಮರೆಸುವ ಸರದಿ ಈಗ ಅವಳದು, ಮತ್ತು ಅದನ್ನು ಅವಳು ಇನ್ನೂ ಕಲಿತಿಲ್ಲ.